ಕ್ಯಾಂಪೋ, ವ್ಯಾನೋ, ವಾರದ ದಿನವೋ, ಖಾಸಗಿ ದವಾಖಾನೆಯೋ? ಊರಿನ ಹೆಣ್ಣುಮಕ್ಕಳ ಆರೋಗ್ಯ ಸೇವೆಗೆ ದಾರಿ ಆರಿಸುವಾಗ

ಸರ್ಕಾರಿ ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕುಟುಂಬ ಯೋಜನೆ, ಬಿಳಿ ಸೆರಗು, ಗರ್ಭಪಾತದಂಥ ಮಾತು ಬಂತೆಂದರೆ ಕುಂತವರೆಲ್ಲ ಚಹಾದ ಕಪ್ಪು ನೋಡತೊಡಗುತ್ತಾರೆ. ಮಾತು ಬೇಗ ಮುಗಿಯಲಿ ಅಂತ ಯಾರಾದರೊಬ್ಬರು ಅನ್ನುವುದು ಒಂದೇ: "ಒಂದು ಕ್ಯಾಂಪ್ ಇಡಸ್ರಿ ಸಾಹೇಬ್ರ, ಮುಗೀತು." ನಡಾವಳಿ ಪುಸ್ತಕದಲ್ಲಿ ಅದೇ ಠರಾವಾಗುತ್ತದೆ. ಶಾಮಿಯಾನ, ಬ್ಯಾನರ್, ಉಪ್ಪಿಟ್ಟು, ಫೋಟೊ.

ಕ್ಯಾಂಪೇ ಬೇಡ ಅನ್ನುವವನಲ್ಲ ನಾನು. ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಪಂಚಾಯಿತಿಗಳ ಮುಂದೆ ಕನಿಷ್ಠ ಐದು ದಾರಿಗಳಿವೆ. ಉಪಕೇಂದ್ರವನ್ನು ಗಟ್ಟಿ ಮಾಡುವುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಗದಿತ ದಿನ ಇಡುವುದು, ಕ್ಯಾಂಪ್ ಮಾಡುವುದು, ವ್ಯಾನ್ ಓಡಿಸುವುದು, ಖಾಸಗಿ ಆಸ್ಪತ್ರೆಗೋ ಸಂಸ್ಥೆಗೋ ಗುತ್ತಿಗೆ ಕೊಡುವುದು. ಇವುಗಳಲ್ಲಿ ಯಾವುದನ್ನು ಯಾವ ಕೆಲಸಕ್ಕೆ ಆರಿಸಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ. ಪಂಚಾಯಿತಿ ಸದಸ್ಯರು, ಆರೋಗ್ಯ ರಕ್ಷಾ ಸಮಿತಿಯವರು, ಖನಿಜ ನಿಧಿಗೆ ಅರ್ಜಿ ಹಾಕುವ ಸಣ್ಣ ಸಂಸ್ಥೆಗಳು, ಇವರನ್ನು ಕಣ್ಮುಂದೆ ಇಟ್ಟುಕೊಂಡು ಬರೆದಿದ್ದೇನೆ.

ಮೊದಲು ದುಡ್ಡಿನ ಮಾತು

ಯಾವ ನಿಧಿ ಎಂಬುದೇ ಎಷ್ಟೋ ಸಲ ದಾರಿಯನ್ನು ತೀರ್ಮಾನಿಸಿಬಿಡುತ್ತದೆ, ಹಾಗಾಗಿ ಇಲ್ಲಿಂದಲೇ ಶುರು ಮಾಡೋಣ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇದೆ. ಅದರಲ್ಲಿ ಪರದೆ, ಟೇಬಲ್, ತುರ್ತಿಗೆ ಆಟೋ ಬಾಡಿಗೆ ಆದೀತು. ದೊಡ್ಡ ಸೇವೆಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಿಲ್ಲಾ ಕ್ರಿಯಾಯೋಜನೆಯೊಳಗೆ, ಅಂದರೆ ಎಲ್ಲರೂ ಪಿಐಪಿ ಅನ್ನುವುದರೊಳಗೆ ಸೇರಬೇಕು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ಗಣಿಬಾಧಿತ ಊರುಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಅದರ 2015ರ ಮಾರ್ಗಸೂಚಿ ಕನಿಷ್ಠ 60 ಪ್ರತಿಶತ ಹಣವನ್ನು ಆರೋಗ್ಯ, ಕುಡಿಯುವ ನೀರು, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೇ ಇಡಬೇಕು ಎಂದಿತ್ತು. ಸಂಡೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಕಿವಿಮಾತು. ಕಟ್ಟಡಕ್ಕೆ, ವಾಹನಕ್ಕೆ, ಯಂತ್ರಕ್ಕೆ ದುಡ್ಡು ಹುಟ್ಟಿಸುವುದು ಸುಲಭ. ನರ್ಸಮ್ಮನ ಸಂಬಳಕ್ಕೆ, ಡೀಸೆಲ್‌ಗೆ, ಪ್ರತಿ ತಿಂಗಳ ಗುಳಿಗೆಗೆ ಹುಟ್ಟಿಸುವುದು ಕಷ್ಟ. ಉದ್ಘಾಟನೆಗೆ ರಿಬ್ಬನ್ ಕಟ್ಟಲು ಬರುವಂಥದ್ದಕ್ಕೇ ಹಣ ಬೇಗ ಮಂಜೂರಾಗುತ್ತದೆ. ಹೀಗಾಗಿ ಪ್ರಸ್ತಾವ ಬರೆಯುವಾಗ ಎರಡನೇ ವರ್ಷದ ಖರ್ಚಿನ ಕಾಲಂ ಖಾಲಿ ಇದ್ದರೆ ಮುಂದಕ್ಕೆ ಕಳಿಸಬೇಡಿ.

ಮೂರನೇ ದಿನ ರಾತ್ರಿ ಯಾರು?

ಹೋಲಿಸಲು ಒಂದು ಅಳತೆ ಬೇಕಲ್ಲ. ನಾನು ಬಳಸುವುದು ಇದು: ಸೇವೆ ಪಡೆದ ಹೆಣ್ಣುಮಗಳಿಗೆ ಮೂರನೇ ದಿನ ರಾತ್ರಿ ಹೊಟ್ಟೆನೋವು ಬಂದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ಅವಳು ಯಾರ ಹತ್ತಿರ ಹೋಗಬೇಕು? ಮನುಷ್ಯರ ಹೆಸರು, ಜಾಗ, ಫೋನ್ ನಂಬರು ಮೂರೂ ಹೇಳಲು ಬಾರದ ಪ್ರಸ್ತಾವವನ್ನು ಅಲ್ಲೇ ಮಡಚಿಡಿ.

ಈ ಕ್ಷೇತ್ರದಲ್ಲಿ ಸೇವೆ ಕೊಡುವುದು ಹತ್ತು ನಿಮಿಷದ ಕೆಲಸ, ಅದರ ಹೊಣೆ ವರ್ಷಗಟ್ಟಲೆ. ನಮ್ಮ ಅವ್ವಂದಿರು ವಂಕಿ ಅನ್ನುವ ಕಾಪರ್-ಟಿಯನ್ನೇ ನೋಡಿ. 380ಎ ಮಾದರಿ 10 ವರ್ಷ ಕೆಲಸ ಮಾಡುತ್ತದೆ, 375 ಮಾದರಿ 5 ವರ್ಷ. ಹಾಕಿಸಿಕೊಂಡವಳಿಗೆ ಎರಡೇ ವರ್ಷಕ್ಕೆ ಇನ್ನೊಂದು ಮಗು ಬೇಕೆನಿಸಬಹುದು, ಆಗ ತೆಗೆಯುವವರು ಹತ್ತಿರದಲ್ಲಿರಬೇಕು. ತೆಗೆಯುವವರಿಲ್ಲದ ಊರಿನಲ್ಲಿ ಒಬ್ಬಳು ಪರದಾಡಿದರೆ ಸಾಕು, ಆ ಓಣಿಯಲ್ಲಿ ಮುಂದೆ ಯಾರೂ ಹಾಕಿಸಿಕೊಳ್ಳುವುದಿಲ್ಲ. ಗರ್ಭ ತಡೆಯುವ ಅಂತರ ಚುಚ್ಚುಮದ್ದು 3 ತಿಂಗಳಿಗೊಮ್ಮೆ. ಮೊದಲೆರಡು ಡೋಸಿನಲ್ಲಿ ಹೊತ್ತಲ್ಲದ ಹೊತ್ತಿಗೆ ಮುಟ್ಟು ಕಾಣುವುದು, ಇಲ್ಲಾ ಮುಟ್ಟೇ ನಿಲ್ಲುವುದು ಸಾಮಾನ್ಯ. ಅದನ್ನು "ಇದು ಆಗತೈತವ್ವಾ, ಹೆದರಬ್ಯಾಡ" ಎಂದು ಹೇಳುವ ಒಂದು ಬಾಯಿ ಊರಲ್ಲಿ ಇರದಿದ್ದರೆ ಎರಡನೇ ಸೂಜಿಗೆ ಬರುವವರು ಅರ್ಧಕ್ಕರ್ಧ ಇರುವುದಿಲ್ಲ.

ಇದಕ್ಕೆ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ. ಅವಳು ಬಂದದ್ದು ಎಷ್ಟು ಜನಕ್ಕೆ ಕಾಣುತ್ತದೆ? ಸೇವೆ ಸಿಗುವ ದಿನ ಅವಳು ಊರಲ್ಲಿ ಇರುತ್ತಾಳೋ, ಗುಳೆ ಹೋಗಿರುತ್ತಾಳೋ?

ಎರಡನೆಯದು ನಮ್ಮ ಭಾಗಕ್ಕೇ ಮೀಸಲು ಪ್ರಶ್ನೆ. ಕುಷ್ಟಗಿ, ಯಲಬುರ್ಗಾ, ದೇವದುರ್ಗ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವರು ಜಾತ್ರೆಗೋ ಯುಗಾದಿಗೋ ಬರುತ್ತಾರೆ. ಗಂಗಾವತಿ, ಸಿಂಧನೂರು, ಮಾನ್ವಿಯ ನೀರಾವರಿ ಸೀಮೆಯಲ್ಲಿ ನಾಟಿ ಬಂತೆಂದರೆ ಹೆಣ್ಣಾಳು ಬೆಳಗ್ಗೆ ಟ್ರ್ಯಾಕ್ಟರ್ ಹತ್ತಿ ಸಂಜೆಗೇ ಇಳಿಯುವುದು. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಬಿಡಿಸುವಾಗಲೂ ಅಷ್ಟೇ. ಬೆಳಗ್ಗೆ 10ಕ್ಕೆ ಬಾಗಿಲು ತೆರೆದು ಸಂಜೆ 4ಕ್ಕೆ ಹಾಕುವ ಯಾವ ಸೇವೆಯೂ ಈ ತಿಂಗಳುಗಳಲ್ಲಿ ದುಡಿಯುವ ಹೆಣ್ಣಿಗೆ ಸಿಕ್ಕುವುದಿಲ್ಲ, ಕಾಗದದ ಮೇಲೆ ಎಷ್ಟೇ ಚಂದ ಇರಲಿ.

ಕ್ಯಾಂಪ್

ಕ್ಯಾಂಪಿನ ಲಾಭ ನೇರವಾದದ್ದು. ಒಂದೇ ದಿನದಲ್ಲಿ ತುಂಬಾ ಜನ ಬರುತ್ತಾರೆ, ತಜ್ಞರೂ ಬರುತ್ತಾರೆ, ಖರ್ಚಿನ ಲೆಕ್ಕ ಸುಲಭ. ರಕ್ತಹೀನತೆ ಪರೀಕ್ಷೆ, ಬಿಪಿ, ಮಾಹಿತಿ ಕೊಡುವುದು ಇಂಥವಕ್ಕೆ ಮಾಡಿ, ತಕರಾರಿಲ್ಲ.

ಆಪರೇಷನ್‌ಗೆ ಮಾತ್ರ ಬೇಡ. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರದ ಹತ್ತಿರ ಒಬ್ಬರೇ ಸರ್ಜನ್ ಕೆಲವೇ ತಾಸಿನಲ್ಲಿ 83 ಹೆಣ್ಣುಮಕ್ಕಳಿಗೆ ಸಂತಾನಹರಣ ಚಿಕಿತ್ಸೆ ಮಾಡಿದರು, 13 ಜನ ಸತ್ತರು. ಒಂದು ತಂಡ ದಿನಕ್ಕೆ 30 ದಾಟಬಾರದು ಎಂಬ ನಿಯಮ ಆಗಲೂ ಇತ್ತು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪ್‌ಗಳನ್ನು 3 ವರ್ಷದೊಳಗೆ ನಿಲ್ಲಿಸಿ ಎಂದಿತು. ಇಷ್ಟಾದ ಮೇಲೂ "ಮಾರ್ಚ್ ಒಳಗ ಟಾರ್ಗೆಟ್ ಮುಗಸ್ಬೇಕು" ಎಂಬ ಮಾತು ಕೇಳಿದರೆ, ಸದಸ್ಯರಾಗಿ ನೀವು ಎದ್ದು ನಿಂತು ಪ್ರಶ್ನಿಸಬಹುದು, ಪ್ರಶ್ನಿಸಲೇಬೇಕು.

ನಮ್ಮ ರಾಜ್ಯದ ಚಿತ್ರವೂ ಇದಕ್ಕೆ ಕಾರಣ ಒದಗಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ 57.4 ಪ್ರತಿಶತ ಆಪರೇಷನ್ ಆದವರು. ಗಂಡಸರ ಆಪರೇಷನ್ ದಶಮಾಂಶದ ಮೊದಲ ಅಂಕಿಯವರೆಗೂ ಸೊನ್ನೆ. ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಅಂದರೆ "ಸಾಕು" ಅನ್ನುವವರಿಗೆ ವ್ಯವಸ್ಥೆ ಇದೆ, "ಈಗಲೇ ಬೇಡ" ಅನ್ನುವವರಿಗೆ ಇಲ್ಲ. ಹದಿನೆಂಟು ಹತ್ತೊಂಬತ್ತಕ್ಕೆ ಮದುವೆಯಾಗಿ ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷ ಬಿಡಬೇಕೆನ್ನುವ ಹುಡುಗಿಗೆ ಕ್ಯಾಂಪ್ ಏನೂ ಕೊಡುವುದಿಲ್ಲ. ಹೊಸ ದುಡ್ಡು ಹೋಗಬೇಕಾದ್ದು ಅವಳ ಕಡೆಗೆ.

ವ್ಯಾನ್, ಅಂದರೆ ಸಂಚಾರಿ ಘಟಕ

ತಾಂಡಾ, ದೊಡ್ಡಿ, ಇಟ್ಟಂಗಿ ಭಟ್ಟಿ, ಗಣಿ ಕಾರ್ಮಿಕರ ಶೆಡ್ಡು, ತೋರಣಗಲ್ಲು ಸುತ್ತಲಿನ ಬಾಡಿಗೆ ರೂಮುಗಳು. ಬಸ್ಸೇ ಹೋಗದ ಇಂಥ ಕಡೆ ವ್ಯಾನಿಗೆ ಬದಲಿ ಇಲ್ಲ. ಗರ್ಭಿಣಿ ತಪಾಸಣೆ, ಹಿಮೋಗ್ಲೋಬಿನ್, ಎಚ್‌ಐವಿ ಮತ್ತು ಸಿಫಿಲಿಸ್‌ನ ಕೂಡಲೇ ಫಲಿತಾಂಶ ಬರುವ ಪರೀಕ್ಷೆ, ಗುಳಿಗೆ, ನಿರೋಧ್, ಅಂತರದ ಎರಡನೇ ಮೂರನೇ ಡೋಸು ಇವೆಲ್ಲ ವ್ಯಾನಿನಲ್ಲಿ ಆಗುವ ಕೆಲಸ. ಅಂತರದ ಮೊದಲ ಡೋಸಿಗೆ ಮಾತ್ರ ವೈದ್ಯರು ನೋಡಬೇಕು. ಕಾಪರ್-ಟಿ, ಗರ್ಭಪಾತ ಇವೆರಡನ್ನು ವ್ಯಾನಿಗೆ ಹೇರಬೇಡಿ.

ವ್ಯಾನಿನ ದೌರ್ಬಲ್ಯ ಅದು ನಿಲ್ಲುವ ಜಾಗದಲ್ಲಿದೆ. ಸಾಮಾನ್ಯವಾಗಿ ಹನುಮಪ್ಪನ ಗುಡಿ ಮುಂದೆ, ಕಟ್ಟೆಯ ಎದುರು ನಿಲ್ಲಿಸುತ್ತಾರೆ. ಕಟ್ಟೆಯ ಮೇಲೆ ಹತ್ತು ಹಿರಿಯರು ಕುಂತಿರುತ್ತಾರೆ. ಬಿಳಿ ಸೆರಗಿಗೆ ಔಷಧ ಬೇಕಾದ ಸೊಸೆ ಅವರೆದುರು ಮೆಟ್ಟಿಲು ಹತ್ತಿ, ಬಾಗಿಲು ಹಾಕಿಸಿಕೊಂಡು, ಕಾಲು ತಾಸು ಬಿಟ್ಟು ಇಳಿಯಬೇಕು. ಯಾರು ಹತ್ತುತ್ತಾರೆ? ಅದೇ ವ್ಯಾನನ್ನು ಅಂಗನವಾಡಿ ಹಿಂದೆ ನಿಲ್ಲಿಸಿ, ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನವೇ ಇಟ್ಟರೆ ಬಂದವಳು ಯಾಕೆ ಬಂದಳು ಅಂತ ಯಾರೂ ಕೇಳುವುದಿಲ್ಲ. ಖರ್ಚು ಒಂದು ಪೈಸೆಯೂ ಹೆಚ್ಚಾಗುವುದಿಲ್ಲ.

ವ್ಯಾನಿನ ಗುತ್ತಿಗೆಯಲ್ಲಿ ಕಿಲೋಮೀಟರಿಗೆ ದುಡ್ಡು ಕೊಟ್ಟರೆ ಕಿಲೋಮೀಟರ್ ಓಡುತ್ತವೆ. ಅದೇ ಊರಿಗೆ ಹೇಳಿದ ದಿನವೇ ಮರಳಿ ಬಂದದ್ದಕ್ಕೆ ದುಡ್ಡು ಕೊಡಿ.

ಉಪಕೇಂದ್ರ ಮತ್ತು ಸಮುದಾಯ ಆರೋಗ್ಯಾಧಿಕಾರಿ

5,000 ಜನಕ್ಕೊಂದು ಉಪಕೇಂದ್ರ ಎಂಬುದು ಲೆಕ್ಕ. ಈಗ ಬಹಳಷ್ಟು ಕಡೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹಳದಿ ಗೋಡೆ ಬಂದು, ನರ್ಸಮ್ಮನ ಜೊತೆಗೆ ಸಮುದಾಯ ಆರೋಗ್ಯಾಧಿಕಾರಿಯೂ ಇರುತ್ತಾರೆ. ಮೂರನೇ ದಿನದ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನಮ್ಮಲ್ಲಿಲ್ಲ, ಅವರು ಅಲ್ಲೇ ಉಳಿದರೆ. ಆ "ಅಲ್ಲೇ ಉಳಿದರೆ" ಎಂಬುದಕ್ಕೆ ಪಂಚಾಯಿತಿ ಮಾಡಬಹುದಾದ್ದು ಬೇಕಾದಷ್ಟಿದೆ: ನೀರು, ಕರೆಂಟು, ಬಾಗಿಲಿಗೆ ಚಿಲಕ ಇರುವ ಶೌಚಾಲಯ, ಹಿಂದಿನ ಕೋಣೆಯಲ್ಲಿ ವಾಸಕ್ಕೆ ಅನುಕೂಲ.

ಗರ್ಭ ತಡೆಯುವ ಛಾಯಾ ಗುಳಿಗೆಗೆ ಉಪಕೇಂದ್ರ ಹೇಳಿ ಮಾಡಿಸಿದ ಜಾಗ. ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾರ್ಮೋನ್ ಇಲ್ಲ, ಬಾಣಂತಿಯೂ ತಗೊಳ್ಳಬಹುದು. ಗುಳೆ ಹೋಗುವವಳಿಗೆ ಒಟ್ಟಿಗೆ ಕೆಲವು ತಿಂಗಳದ್ದು ಕೊಟ್ಟು ಕಳಿಸಲೂ ಬರುತ್ತದೆ. ಅಂತರ ಹಾಕಿಸಿಕೊಳ್ಳುವವಳ ಕಷ್ಟವೇ ಬೇರೆ. ದೀಪಾವಳಿ ಮುಗಿಸಿ ಹೊರಟವಳಿಗೂ ಆಶಾ ಅಕ್ಕನಿಗೂ ಫೋನಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ತಂಗೀ, ನಿನ್ನ ಸೂಜಿ ತಾರೀಖು ಬಂದೈತಿ."

"ಇಲ್ಲಿ ಯಾರು ಹಾಕ್ತಾರಕ್ಕಾ? ಹಬ್ಬಕ್ಕ ಬಂದಾಗ ನೋಡೂಣು."

ತಾರೀಖಿಗಿಂತ 2 ವಾರ ಮೊದಲೂ ಹಾಕಬಹುದು, 4 ವಾರ ತಡವಾದರೂ ನಡೆಯುತ್ತದೆ. ಈ ಆರು ವಾರದ ಕಿಟಕಿಯನ್ನು ಮೊದಲೇ ಲೆಕ್ಕ ಹಾಕಿ, ಹೊರಡುವ ಮುನ್ನವೇ ಹಾಕಿ ಕಳಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೇ ಅಂತರ ಕಾರ್ಡ್ ಇಟ್ಟುಕೊಳ್ಳಲು ಹೇಳಿ, ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಬಹುದು. ಗುಳೆಯ ತಿಂಗಳುಗಳನ್ನು ಬರೆದಿಟ್ಟ ಕ್ಯಾಲೆಂಡರ್ ಪ್ರತಿ ಉಪಕೇಂದ್ರದ ಗೋಡೆಗೂ ಬೇಕು. ಯಾವ ಇಲಾಖೆಯೂ ಅದನ್ನು ಅಚ್ಚು ಹಾಕಿಸಿ ಕಳಿಸುವುದಿಲ್ಲ, ಪಂಚಾಯಿತಿಯೇ ಮಾಡಬೇಕು.

ನಿಗದಿತ ದಿನ: ನನ್ನ ಮತ ಇದಕ್ಕೆ

ಹೆಚ್ಚಿನ ಊರುಗಳಿಗೆ, ಹೆಚ್ಚಿನ ಸೇವೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲೂಕು ಆಸ್ಪತ್ರೆಯಲ್ಲೋ ವಾರಕ್ಕೊಂದು ಗೊತ್ತಾದ ದಿನ ಇಡುವುದೇ ಮೇಲು. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿ ತಪಾಸಣೆ ಇರುತ್ತದೆ ಅಂತ ಈಗ ಹಳ್ಳಿಯ ಅತ್ತೆಯರಿಗೂ ಗೊತ್ತು. 2016ರಲ್ಲಿ ಶುರುವಾದ ಆ ಒಂದು ತಾರೀಖು ಇಷ್ಟು ಬೇಗ ಬಾಯಿಗೆ ಬಂದದ್ದು ಅದು ಬದಲಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ದಿನ ಯಾವುದು? ಸಂತೆಯ ದಿನ. ಸಂತೆಗೆ ಬಸ್ಸಿರುತ್ತದೆ, ಟಂಟಂ ಇರುತ್ತದೆ, ಮನೆ ಬಿಟ್ಟು ಬರಲು ನೆಪ ಇರುತ್ತದೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಉಳ್ಳಾಗಡ್ಡಿ ಚೀಲದ ಜೊತೆಗೆ ಮಾತ್ರೆಯೂ ಮನೆಗೆ ಹೋಗುತ್ತದೆ, ಅತ್ತೆಗೂ ಗಂಡನಿಗೂ ಲೆಕ್ಕ ಕೊಡಬೇಕಾಗಿಲ್ಲ. ಲಸಿಕೆಯ ಗುರುವಾರದಂದು ಬೇಡ. ಅಂದು ನರ್ಸಮ್ಮ ಕೇಂದ್ರದಲ್ಲಿ ಸಿಗುವುದಿಲ್ಲ.

ಆ ದಿನ ಬರುವವಳು ಏನು ನೋಡುತ್ತಾಳೆ ಅನ್ನುವುದನ್ನು ಒಮ್ಮೆ ಅವಳ ಜಾಗದಲ್ಲಿ ನಿಂತು ನೋಡಿ. ಚೀಟಿ ಬರೆಯುವ ಕಿಟಕಿ. ಹಿಂದೆ ಸಾಲು. ಕಂಪೌಂಡರ್ ಗಟ್ಟಿಯಾಗಿ "ಏನ್ ತ್ರಾಸು?" ಅನ್ನುತ್ತಾನೆ. ಅವಳು "ಮೈಕೈ ನೋವ್ರೀ" ಅನ್ನುತ್ತಾಳೆ, ಪ್ಯಾರಾಸಿಟಮಾಲ್ ತಗೊಂಡು ಹೋಗುತ್ತಾಳೆ. ರಿಜಿಸ್ಟರಿನಲ್ಲಿ ಲೈಂಗಿಕ ಸೋಂಕಿನ ರೋಗಿ ಸೊನ್ನೆ, ಮೈಕೈ ನೋವು ನೂರು. ಮುಂದಿನ ಸಭೆಯಲ್ಲಿ "ನಮ್ಮೂರಾಗ ಆ ಸಮಸ್ಯಾನೇ ಇಲ್ರಿ" ಎಂದು ವರದಿ.

ಚೀಟಿಯಲ್ಲಿ "ಗಂಡನ ಹೆಸರು" ಎಂಬ ಕಾಲಂ ಇನ್ನೊಂದು ಮುಳ್ಳು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದೆ ನಿಜ, ಆದರೆ ಆ ಬದುಕಿಗೆ ತಳ್ಳಲ್ಪಟ್ಟ ಅವ್ವಂದಿರು, ಅಕ್ಕಂದಿರು ಈ ಮೂರೂ ಜಿಲ್ಲೆಗಳಲ್ಲಿ ನಮ್ಮ ನಡುವೆಯೇ ಇದ್ದಾರೆ. ಗಂಡ ಬಿಟ್ಟವರಿದ್ದಾರೆ, ಮದುವೆಯಾಗದವರಿದ್ದಾರೆ. ಆ ಕಾಲಂ ತುಂಬಲಾಗದೆ ತಿರುಗಿ ಹೋದವರ ಲೆಕ್ಕ ಯಾರ ಬಳಿಯೂ ಇಲ್ಲ. "ಜೊತೆಗೆ ಬಂದವರ ಹೆಸರು" ಅಂತ ಬರೆಸಿದರೆ ಮುಗಿಯಿತು. ತಪಾಸಣೆ ಟೇಬಲ್ ಬಾಗಿಲಿಗೆ ಎದುರಾಗಿ ಇರಬಾರದು, ಪರದೆ ನೆಲ ಮುಟ್ಟಬೇಕು, "ಎಚ್‌ಐವಿ ಪರೀಕ್ಷೆ" ಅಂತ ದೊಡ್ಡ ಬೋರ್ಡಿನ ಬದಲು ಕೋಣೆಗೆ ಒಂದು ನಂಬರು ಸಾಕು. ಇದಿಷ್ಟೂ ಆ 10,000 ರೂಪಾಯಿಯಲ್ಲಿ ಆಗುವ ಕೆಲಸ.

ಲೈಂಗಿಕ ಸೋಂಕಿಗೆ ಸರ್ಕಾರದ ಬಣ್ಣದ ಕಿಟ್‌ಗಳಿವೆ, ಒಟ್ಟು 7. ಬಿಳಿ ಸೆರಗಿಗೆ ಹಸಿರು, ಮೂತ್ರನಾಳದ ಇಲ್ಲವೇ ಗರ್ಭಕೊರಳಿನ ಸ್ರಾವಕ್ಕೆ ಬೂದು, ಕಿಬ್ಬೊಟ್ಟೆ ನೋವಿಗೆ ಹಳದಿ. ಲಕ್ಷಣ ನೋಡಿ ಅಂದೇ ಔಷಧ ಕೊಡುವ ಪದ್ಧತಿ ಇದು, ಲ್ಯಾಬ್ ವರದಿಗೆ ಕಾಯಬೇಕಿಲ್ಲ. ನಿಗದಿತ ದಿನಕ್ಕೆ ಇದಕ್ಕಿಂತ ಒಪ್ಪುವ ಸೇವೆ ಇಲ್ಲ. ಸಮಿತಿಯವರು ಔಷಧ ಕೋಣೆಗೆ ಹೋಗಿ ಹಸಿರು ಕಿಟ್ ಎಷ್ಟಿವೆ, ಅವಧಿ ಯಾವಾಗ ಮುಗಿಯುತ್ತದೆ ಅಂತ ಕೇಳಬಹುದು. ಗಂಡನಿಗೂ ಔಷಧ ಬೇಕಾಗುವ ಸೋಂಕುಗಳಲ್ಲಿ ಅವನಿಗೂ ಕಟ್ಟಿಕೊಡುತ್ತಾರೋ ಅಂತಲೂ ಕೇಳಿ. ಕೊಡದಿದ್ದರೆ ಅವಳು ಮುಂದಿನ ತಿಂಗಳು ಅದೇ ತ್ರಾಸಿಗೆ ಮತ್ತೆ ಬರುತ್ತಾಳೆ.

ಇದರ ಕೊರತೆಯನ್ನೂ ಹೇಳಬೇಕು. ವೈದ್ಯರು ಆ ದಿನವೇ ಜಿಲ್ಲಾ ಮೀಟಿಂಗಿಗೆ ಹೋದರೆ ಎಲ್ಲ ಮುಳುಗಿತು. ಎರಡು ಸಲ ಬಂದು ಬರಿಗೈಲಿ ಹೋದವಳು ಮೂರನೇ ಸಲ ಬರುವುದಿಲ್ಲ. ಆ ವಾರದ ದಿನ ಮೀಟಿಂಗ್ ಇಡಬಾರದೆಂದು ತಾಲೂಕು ಆರೋಗ್ಯಾಧಿಕಾರಿಯಿಂದ ಲಿಖಿತವಾಗಿ ಪಡೆಯಿರಿ.

ಖಾಸಗಿ ಆಸ್ಪತ್ರೆಗೆ ಗುತ್ತಿಗೆ

ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು ತಾಲೂಕು ಆಸ್ಪತ್ರೆಯಲ್ಲಿ ಇರುವುದಿಲ್ಲ, ಎದುರಿನ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಇರುತ್ತಾರೆ. ಹಾಗಾದರೆ ಅವರಿಗೇ ದುಡ್ಡು ಕೊಟ್ಟು ಸೇವೆ ಕೊಡಿಸೋಣ ಎಂಬುದು ಸಹಜ ಯೋಚನೆ. ತಪ್ಪಲ್ಲ. ಆದರೆ ನಮ್ಮ ಭಾಗಕ್ಕೆ ಇದರಲ್ಲಿ ಅನುಭವ ಇದೆ, ಅದನ್ನು ನೋಡದೆ ಸಹಿ ಹಾಕಬಾರದು.

ತಾಯಿ ಭಾಗ್ಯ ಯೋಜನೆಯಲ್ಲಿ ಬಡ ಕುಟುಂಬದ ಹೆರಿಗೆಗಳಿಗಾಗಿ ಖಾಸಗಿ ಆಸ್ಪತ್ರೆಗೆ 100 ಹೆರಿಗೆಗೆ 3 ಲಕ್ಷ ರೂಪಾಯಿಯ ಪ್ಯಾಕೇಜ್ ಇತ್ತು. ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಸೇರಿಸಿ ಒಂದೇ ದರ. ಸಿಸೇರಿಯನ್ ಆಸೆ ತಡೆಯಲು ಇದು ಜಾಣ ಉಪಾಯ. ಆದರೆ ಅದೇ ದರ ಕಷ್ಟದ ಕೇಸನ್ನು "ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ" ಎನ್ನಲೂ ಕಾರಣ ಆಗಬಲ್ಲದು. ದರ ಹೇಗಿದೆಯೋ ನಡವಳಿಕೆ ಹಾಗೆ. ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು, ಜನ ಓಪೆಕ್ ಅನ್ನುವುದನ್ನು, ಸರ್ಕಾರ ಕಟ್ಟಿಸಿ ಸುಮಾರು ಹತ್ತು ವರ್ಷ ಖಾಸಗಿಯವರಿಗೆ ನಡೆಸಲು ಕೊಟ್ಟಿತ್ತು; 2012ರಲ್ಲಿ ಅದು ಮರಳಿ ಸರ್ಕಾರದ ಕೈಗೆ ಬಂತು. ಬಡ ರೋಗಿ ಯಾರು, ಅದನ್ನು ತೀರ್ಮಾನಿಸುವವರು ಯಾರು, ಒಪ್ಪಂದ ಮುಗಿದ ಮರುದಿನ ವೈದ್ಯರು ಎಲ್ಲಿಂದ ಬರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಸಣ್ಣ ಗುತ್ತಿಗೆಯಲ್ಲೂ ಮೊದಲೇ ಬಿಡಿಸಿಕೊಳ್ಳಬೇಕು.

ಗರ್ಭಚೀಲದ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮದೇ ಭಾಗದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಕಾರಣವಿಲ್ಲದೆ ಗರ್ಭಚೀಲ ತೆಗೆದ ಸಂಗತಿ 2015ರ ಹೊತ್ತಿಗೆ ರಾಜ್ಯದಾದ್ಯಂತ ಸುದ್ದಿಯಾಯಿತು. ಬಿಳಿ ಸೆರಗು, ಸೊಂಟನೋವು ಅಂತ ಹೋದವರಿಗೆ "ಕ್ಯಾನ್ಸರ್ ಆಗತೈತಿ" ಎಂದು ಹೆದರಿಸಿ ತೆಗೆದದ್ದು. ಹಸಿರು ಕಿಟ್ಟಿನಲ್ಲಿ ಹೋಗುವ ತ್ರಾಸಿಗೆ ಗರ್ಭಚೀಲವೇ ಹೋಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಆಪರೇಷನ್‌ಗಳ ಮೇಲೆ ನಿಗಾ ಇಡುವ ಮಾರ್ಗಸೂಚಿಯನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕು ಎಂದಿತು. ನಿಮ್ಮ ಒಪ್ಪಂದದಲ್ಲಿ ಒಂದು ಸಾಲು ಇರಲಿ: 40 ವರ್ಷದೊಳಗಿನವರ ಗರ್ಭಕೋಶ ತೆಗೆಯುವ ಮುನ್ನ ಜಿಲ್ಲಾ ಆಸ್ಪತ್ರೆಯ ತಜ್ಞರ ಎರಡನೇ ಅಭಿಪ್ರಾಯ ಕಡ್ಡಾಯ. ಈ ಸಾಲಿಗೆ ಗೊಣಗುವ ಆಸ್ಪತ್ರೆಯ ಜೊತೆ ವ್ಯವಹಾರವೇ ಬೇಡ.

ದರ ಕಡಿಮೆ ಹೇಳಿದವರಿಗೇ ಕೊಡಬೇಕೆಂಬ ಒತ್ತಡ ಟೆಂಡರಿನಲ್ಲಿ ಇದ್ದೇ ಇರುತ್ತದೆ, ಇಲ್ಲವಾದರೆ ಟೆಂಡರ್ ಇಲ್ಲದೆಯೇ ಕೊಡಲು ಬಿಡುವ 4(ಜಿ) ವಿನಾಯಿತಿಯ ಮಾತು ಬರುತ್ತದೆ. ಎರಡರಲ್ಲೂ ಗುಣಮಟ್ಟದ ಷರತ್ತನ್ನು ದರಕ್ಕಿಂತ ಮೊದಲು ಬರೆಯಿಸಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಏರಿಸಿದ ದ್ರಾವಣದ ಮೇಲೆ ಸಂಶಯ ಬಂದದ್ದು ನೆನಪಿದೆಯಲ್ಲ. ಅದು ಸರ್ಕಾರಿ ಆಸ್ಪತ್ರೆ. ಸರ್ಕಾರಿ, ಖಾಸಗಿ ಯಾವುದೇ ಇರಲಿ, ಔಷಧ ಎಲ್ಲಿಂದ ಬಂತು, ಬ್ಯಾಚ್ ನಂಬರು ಏನು ಅನ್ನುವುದು ಕಡತದಲ್ಲಿ ಸಿಗಬೇಕು.

ಗರ್ಭಪಾತ: ಇಲ್ಲಿ ಆಯ್ಕೆ ಕಿರಿದು

ಕ್ಯಾಂಪ್ ಅಲ್ಲ, ವ್ಯಾನ್ ಅಲ್ಲ, ಮೆಡಿಕಲ್ ಶಾಪಿನ ಕೌಂಟರ್ ಅಂತೂ ಅಲ್ಲವೇ ಅಲ್ಲ. ತಾಲೂಕು ಆಸ್ಪತ್ರೆಯಲ್ಲಿ, ತರಬೇತಾದ ವೈದ್ಯರ ಕೈಯಲ್ಲಿ, ವರ್ಷವಿಡೀ. 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರದ್ದು. 18 ತುಂಬಿದವಳಿಗೆ ಅವಳ ಸಹಿ ಒಂದೇ ಸಾಕು. "ಗಂಡನ್ನ ಕರ್ಕೊಂಡು ಬಾ" ಎನ್ನುವುದು ಕಾನೂನಿನಲ್ಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ 24 ವಾರದ ನಿಯಮ ಅನ್ವಯಿಸುತ್ತದೆ ಎಂದಿತು. 18ರೊಳಗಿನ ಹುಡುಗಿ ಬಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಆದರೆ ಹುಡುಗಿ ಮತ್ತು ಪೋಷಕರು ಕೋರಿದರೆ ಅವಳ ಹೆಸರು, ಗುರುತು ಬಹಿರಂಗಪಡಿಸಬೇಕಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಲಿಂಗ ಪತ್ತೆ ವಿರೋಧಿ ಕಾಯ್ದೆಯ ಭಯದಲ್ಲಿ ಎಲ್ಲ ಗರ್ಭಪಾತವೂ ಅಪರಾಧ ಎಂದುಕೊಂಡ ಸಿಬ್ಬಂದಿ ಈಗಲೂ ಸಿಗುತ್ತಾರೆ. ಅವರಿಗೆ ಅರ್ಧ ದಿನದ ತರಬೇತಿ ಕೊಡಿಸುವುದು ಯಾವ ಕ್ಯಾಂಪಿಗಿಂತಲೂ ಅಗ್ಗ.

ಖಾಸಗಿ ಕಡೆ ಕಳಿಸಲೇಬೇಕಾದರೆ ಜಿಲ್ಲಾ ಸಮಿತಿಯ ಮಾನ್ಯತೆ ಪತ್ರ ಗೋಡೆಯ ಮೇಲೆ ಕಾಣುವಂತಿದೆಯೇ ನೋಡಿ. ಸರ್ಕಾರಿ ಆಸ್ಪತ್ರೆಗೆ ಬೇರೆ ಮಾನ್ಯತೆ ಬೇಕಿಲ್ಲ.

ಹದಿಹರೆಯದವರು, ಗಂಡಸರು, ಮತ್ತು ಎಚ್‌ಐವಿ

10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಇದೆ. ಬೋರ್ಡಿದೆ, ಮಕ್ಕಳಿಲ್ಲ. ಶಾಲೆ ಬಿಡುವ ಹೊತ್ತಿಗೆ ಕ್ಲಿನಿಕ್ಕೂ ಬಾಗಿಲು ಹಾಕಿದರೆ ಇನ್ನೇನಾಗುತ್ತದೆ? ವೇಳೆ ಬದಲಿಸಿ, ಆಮೇಲೆ ಪೋಸ್ಟರ್.

ಗಂಡಸರ ಆಪರೇಷನ್‌ಗೆ 1,100 ರೂಪಾಯಿ ಪ್ರೋತ್ಸಾಹಧನ ಇದ್ದರೂ ಬರುವವರಿಲ್ಲ. ಹೊಲಿಗೆ ಹಾಕದ ಸಣ್ಣ ಚಿಕಿತ್ಸೆ, ಅಂದೇ ಮನೆಗೆ. ಆದರೆ ಮುಂದಿನ 3 ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆಯೇ ನಿಶ್ಚಿಂತೆ. ತರಬೇತಾದ ಒಬ್ಬ ಸರ್ಜನ್‌ರನ್ನು ತಿಂಗಳಿಗೊಂದು ದಿನ ತಾಲೂಕಿಗೆ ಕರೆಸಿದರೆ ಸಾಕು, ಹೊಸ ಯೋಜನೆ ಬೇಕಿಲ್ಲ. ಮಾಡಿಸಿಕೊಂಡ ಒಬ್ಬ ಲಾರಿ ಡ್ರೈವರ್ ಚಹಾ ಅಂಗಡಿಯಲ್ಲಿ ಬಾಯಿಬಿಟ್ಟರೆ ಹತ್ತು ಬ್ಯಾನರಿಗೆ ಸಮ.

ಎಚ್‌ಐವಿ ವಿಷಯದಲ್ಲಿ ನಮ್ಮ ಜಿಲ್ಲೆಗಳು ಕಲಿಸಬಲ್ಲವು. ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳೇ ತಮ್ಮ ಜೊತೆಗಾರ್ತಿಯರನ್ನು ಪರೀಕ್ಷೆಗೆ ಕರೆತಂದು, ನಿರೋಧ್ ಹಂಚಿ ಮಾಡಿದ ಕೆಲಸವನ್ನು ಯಾವ ವ್ಯಾನೂ ಮಾಡಿಲ್ಲ. ಇಂಥ ಸಮುದಾಯ ಸಂಘಟನೆಗೆ ಗುತ್ತಿಗೆ ಕೊಡುವುದು ಖಾಸಗಿ ಆಸ್ಪತ್ರೆಗೆ ಕೊಡುವುದಕ್ಕಿಂತ ಬೇರೆಯೇ ದಾರಿ. ಇಲ್ಲಿ ಕೊಳ್ಳುತ್ತಿರುವುದು ನಂಬಿಕೆಯನ್ನು. ಒಂದೇ ಎಚ್ಚರ: 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಯುವುದನ್ನು ಕಡ್ಡಾಯ ಮಾಡಿದೆ. ಖರ್ಚಿನ ವೋಚರಿಗೆ ಫಲಾನುಭವಿಗಳ ಹೆಸರಿನ ಪಟ್ಟಿ ಲಗತ್ತಿಸಿ ಎಂದು ಲೆಕ್ಕಾಧಿಕಾರಿ ಕೇಳಿದರೂ ಕೊಡುವಂತಿಲ್ಲ, ಸಂಕೇತ ಸಂಖ್ಯೆ ಸಾಕು. ಪಂಚಾಯಿತಿಗೆ ಇದು ಮೊದಲೇ ಗೊತ್ತಿರಬೇಕು, ಆಡಿಟ್ ಬಂದಾಗ ಅಲ್ಲ.

ಠರಾವು ಬರೆಯುವಾಗ

ಸಭೆಗೆ ಹೋಗುವ ಮುನ್ನ ಆಶಾ ಕಾರ್ಯಕರ್ತೆಯರ ಜೊತೆ ಒಂದು ತಾಸು ಕೂಡಿ, ಅಧಿಕಾರಿಗಳಿಲ್ಲದೆ. ಎರಡು ಕೇಳಿ: ಕಳೆದ ವರ್ಷ ಯಾರು ಎಲ್ಲಿಗೆ ಹೋಗಿ ಎಷ್ಟು ದುಡ್ಡು ಕಳೆದುಕೊಂಡರು? ಯಾವ ತಿಂಗಳು ಯಾವ ಓಣಿ ಖಾಲಿ ಇರುತ್ತದೆ? ಹೆಸರು ಬರೆಯಬೇಡಿ.

"ಮಹಿಳೆಯರ ಆರೋಗ್ಯಕ್ಕೆ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂಬ ಠರಾವಿನಿಂದ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ: "ಪ್ರತಿ ಸಂತೆಯ ದಿನ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ 2ನೇ ನಂಬರಿನ ಕೋಣೆಯಲ್ಲಿ ಕಾಪರ್-ಟಿ ಹಾಕುವುದು ಮತ್ತು ತೆಗೆಯುವುದು, ಅಂತರ, ಛಾಯಾ, ಲೈಂಗಿಕ ಸೋಂಕಿನ ಚಿಕಿತ್ಸೆ ಒದಗಿಸಬೇಕು. ಮುಂದಿನ 7 ದಿನ ತೊಂದರೆಯಾದರೆ ಕರೆ ಮಾಡಬೇಕಾದ ನಂಬರನ್ನು ಚೀಟಿಯ ಮೇಲೆ ಮುದ್ರಿಸಬೇಕು. ಗುಳೆಯ ಮುಂಚಿನ ಎರಡು ವಾರ ಹೆಚ್ಚುವರಿ ದಿನ ಇಡಬೇಕು." ಕೆಳಗೆ ಜವಾಬ್ದಾರರ ಹುದ್ದೆ, ಎಷ್ಟು ದುಡ್ಡು, ಯಾವ ನಿಧಿ.

ಪ್ರತಿಯನ್ನು ತಾಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಜಿಲ್ಲೆಯ ಕ್ರಿಯಾಯೋಜನೆ ಸಿದ್ಧವಾಗುವುದು ಮಾರ್ಚ್‌ಗೆ ಬಹಳ ಮುಂಚೆ. ಡಿಸೆಂಬರ್ ಒಳಗೆ ಕೊಟ್ಟ ಕಾಗದಕ್ಕೆ ಮಾತ್ರ ಅದರಲ್ಲಿ ಜಾಗ ಸಿಕ್ಕೀತು.